ಮುಂದೆ ಹೊಸದು, ಕುತ್ತಿಗೆಯಲ್ಲಿ ಹಳೆಯದು

ಬೈಕಿಗೆ ಬಂಗಾರದ ಬಣ್ಣದ ಯುಎಸ್‌ಡಿ ಫೋರ್ಕ್ ಕೂರಿಸಿ ಸ್ಟೇಟಸ್ ಹಾಕುವ ಗೆಳೆಯರಿಗೆಲ್ಲ ನಾನು ಕೇಳುವುದು ಒಂದೇ ಪ್ರಶ್ನೆ: ಕೋನ್ ಸೆಟ್ ಹೊಸದು ಹಾಕಿಸಿದ್ರಾ? ಕೆಲವರು "ಅದೇನದು?" ಅಂತಾರೆ. ಇನ್ನು ಕೆಲವರು "ಮೆಕ್ಯಾನಿಕ್ ನೋಡಿದ, ಚೆನ್ನಾಗೇ ಇತ್ತಂತೆ" ಅಂತಾರೆ. ಈ ಎರಡನೇ ಗುಂಪಿನಲ್ಲಿ ನಾನೂ ಇದ್ದೆ. ಅದಕ್ಕೇ ಈ ಜಗಳ.

ಮೊದಲು, ಗೊತ್ತಿಲ್ಲದವರಿಗೆ. ಹ್ಯಾಂಡಲ್ಲಿನ ಕೆಳಗೆ, ಫ್ರೇಮಿನ ಕುತ್ತಿಗೆಯೊಳಗೆ ಒಂದು ಉಕ್ಕಿನ ದಂಡ ಹಾದುಹೋಗುತ್ತದೆ. ಅದು ಸ್ಟೆಮ್. ಅದಕ್ಕೆ ಮೇಲೊಂದು, ಕೆಳಗೊಂದು ಬೇರಿಂಗ್. ಗ್ಯಾರೇಜಿನ ಭಾಷೆಯಲ್ಲಿ ಇದೇ ಕೋನ್ ಸೆಟ್. ಸಾಮಾನ್ಯ ಬೈಕುಗಳಲ್ಲಿ ಒಂದು ಕಪ್, ಒಂದು ಕೋನ್, ನಡುವೆ ಗ್ರೀಸಿನಲ್ಲಿ ಕೂತ ಸಣ್ಣ ಉಕ್ಕಿನ ಬಾಲ್‌ಗಳು, ಅಷ್ಟೇ. ನೀವು ತಿರುವು ತೆಗೆದುಕೊಳ್ಳುವುದು ಇವುಗಳ ಮೇಲೆ. ಬ್ರೇಕ್ ಹಿಡಿದಾಗ, ಹೊಂಡಕ್ಕೆ ಇಳಿದಾಗ ಪೆಟ್ಟು ಹೋಗಿ ತಲುಪುವುದೂ ಇವುಗಳಿಗೇ.

ಕಳೆದ ವರ್ಷ ನಾನು ಸೆಕೆಂಡ್ ಹ್ಯಾಂಡ್ ಫೋರ್ಕಿಗೆ 26 ಸಾವಿರ ಕೊಟ್ಟೆ. ಡಿಸ್ಕು, ಹ್ಯಾಂಡಲ್ಲು, ಲೇತ್ ಕೆಲಸ ಸೇರಿ 40 ಸಾವಿರ ದಾಟಿತು. ಬೆಂಗಳೂರಿನ ಗ್ಯಾರೇಜಿನಲ್ಲಿ ನನ್ನ ಬೈಕಿನ ಹಳೆ ಸ್ಟೆಮ್ಮನ್ನೇ ಹೊಸ ಫೋರ್ಕಿನ ಕ್ಲ್ಯಾಂಪಿಗೆ ಪ್ರೆಸ್ ಮಾಡಿ ಕೂರಿಸಿದರು. "ಕೋನ್ ಸೆಟ್ ಚೇಂಜ್ ಮಾಡ್ಲಾ ಸರ್? 450 ಆಗತ್ತೆ" ಅಂತ ಹುಡುಗ ಕೇಳಿದ್ದ. "ಚೆನ್ನಾಗಿದ್ರೆ ಬಿಡಪ್ಪ" ಅಂದವನು ನಾನೇ. 32 ಸಾವಿರ ಕಿಲೋಮೀಟರ್ ಓಡಿದ್ದ ಬೇರಿಂಗಿಗೆ ಹೊಸ ಗ್ರೀಸ್ ಹಚ್ಚಿ ಮುಚ್ಚಿದರು. ಅದೇ ದಿನ ಲಿವರ್ ಗಾರ್ಡಿಗೆ 900 ಕೊಟ್ಟು ಬಂದೆ.

ನಮ್ಮೂರು ಮುಂಡಗೋಡ. ದಸರಾ ರಜೆಗೆ ಹೋದವನು, ತಂಗಿಯನ್ನು ಹಿಂದೆ ಕೂರಿಸಿಕೊಂಡು ಕಲಘಟಗಿ, ಹಳಿಯಾಳ, ದಾಂಡೇಲಿ ಮೇಲೆ ಜೋಯಿಡಾಕ್ಕೆ ಹೊರಟೆ. ದಾಂಡೇಲಿವರೆಗೆ ಏನೂ ತೊಂದರೆಯಿಲ್ಲ. ಗಣೇಶಗುಡಿ ದಾಟಿದ ಮೇಲೆ ಕಾಡಿನ ಏರುದಾರಿ. ಅಲ್ಲೊಂದು ಎಡ ತಿರುವಿನಲ್ಲಿ ಹ್ಯಾಂಡಲ್ ನಡುವೆ ಕಚ್ಚಿಕೊಂಡಂತಾಗಿ ತಿರುಗಲೇ ಇಲ್ಲ. ಬೈಕು ನೇರ ಹೋಗಿ ಬಲಕ್ಕೆ ಸರಿಯಿತು. ಎದುರಿಗೆ ಬಸ್ಸು. ಜೋರಾಗಿ ಒತ್ತಿದಾಗ ಕಚ್ಚು ಬಿಟ್ಟು, ಬೇಕಾದ್ದಕ್ಕಿಂತ ಹೆಚ್ಚು ತಿರುಗಿ ಎಡಗಡೆಯ ಕೆಂಪು ಮಣ್ಣಿಗೆ ನುಗ್ಗಿದೆವು. ಬೀಳಲಿಲ್ಲ. ತಂಗಿ ಇಳಿದವಳು ಹತ್ತು ನಿಮಿಷ ಮಾತಾಡಲಿಲ್ಲ.

ವಾಪಸ್ ಬರುವಾಗ ಹಳಿಯಾಳದಲ್ಲಿ ಒಂದು ಸಣ್ಣ ಗ್ಯಾರೇಜಿನ ಮುಂದೆ ನಿಲ್ಲಿಸಿದೆ. ವಯಸ್ಸಾದ ಮೇಸ್ತ್ರಿ ಮುಂದಿನ ಗಾಲಿ ಎತ್ತಿಸಿ, ಒಂದೇ ಬೆರಳಿನಿಂದ ಹ್ಯಾಂಡಲ್ ತಳ್ಳಿದರು. ನಟ್ಟನಡುವೆ ಟಕ್ ಅಂತ ನಿಂತಿತು. "ಇಷ್ಟೆಲ್ಲಾ ರೊಕ್ಕಾ ಹಾಕೀರಿ, ಕೋನ್ ಸೆಟ್ ಹಳೇದ ಬಿಟ್ಟೀರಲ್ರೀ ಸರ. ಬಿಚ್ಚಿದಾಗ ಹಾಕಿದ್ರ ಅವತ್ತ ಮುಗೀತಿತ್ತು" ಅಂದರು. ಕಪ್ ಹೊರತೆಗೆದು ನನ್ನ ಕೈಗಿಟ್ಟರು. ಉಗುರು ಆಡಿಸಿದರೆ ಸಿಗುವಂಥ ಪುಟ್ಟ ಹಳ್ಳಗಳು, ಬಾಲ್‌ಗಳು ಕೂತ ಜಾಗದಲ್ಲೇ, ಸಾಲಾಗಿ.

ಈ ಹಳ್ಳ ಎಲ್ಲಿ ಬಿತ್ತು ಗೊತ್ತಾ? ನಾವು ಹೊಗಳುವ ಹೈವೇಯಲ್ಲಿ. ಬೆಂಗಳೂರಿನಿಂದ ಹುಬ್ಬಳ್ಳಿಯವರೆಗೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹ್ಯಾಂಡಲ್ ಹೆಚ್ಚುಕಮ್ಮಿ ನೇರವೇ ಇರುತ್ತದೆ. ಅಷ್ಟೂ ದೂರ ಪೆಟ್ಟು ಬೀಳುವುದು ಅದೇ ಬಾಲ್, ಅದೇ ಜಾಗಕ್ಕೆ. ಮಳೆನೀರು ಒಳಗಿಳಿದು ಗ್ರೀಸ್ ತೊಳೆದರೆ ತುಕ್ಕೂ ಸೇರುತ್ತದೆ. ನೇರ ರಸ್ತೆಯಲ್ಲಿ ಅದು ಗೊತ್ತೇ ಆಗುವುದಿಲ್ಲ. ಗೊತ್ತಾಗುವುದು ಜೋಯಿಡಾದಂಥ ತಿರುವುಗಳಲ್ಲಿ. ಹಳ್ಳ ಬಿದ್ದ ಕಪ್ಪಿಗೆ ಹೊಸ ಗ್ರೀಸ್ ಹಚ್ಚುವುದು ಅಂದ್ರೆ ಹೊಂಡಕ್ಕೆ ಬಣ್ಣ ಬಳಿದ ಹಾಗೆ. ಬರೀ ಬಾಲ್ ಬದಲಿಸಿದರೂ ಉಪಯೋಗವಿಲ್ಲ. ಕಪ್, ಕೋನ್, ಬಾಲ್ ಒಟ್ಟಿಗೇ ಹೋಗಬೇಕು.

"ಓಡ್ತಿರೋದನ್ನ ಯಾಕೆ ಮುಟ್ಟಬೇಕು?" ಅನ್ನುವವರಿದ್ದಾರೆ. ಸರಿ, ಮುಟ್ಟಬೇಡಿ. ಆದರೆ ಫೋರ್ಕ್ ಬದಲಿಸುವಾಗ ನೀವು ಈಗಾಗಲೇ ಮುಟ್ಟಿದ್ದೀರಿ. ಚಕ್ರ, ಹ್ಯಾಂಡಲ್, ಕ್ಲ್ಯಾಂಪ್ ಎಲ್ಲ ಕೆಳಗಿದೆ. ಕೋನ್ ಸೆಟ್ ಬದಲಿಸುವ ಕೂಲಿಯಲ್ಲಿ ದೊಡ್ಡ ಪಾಲು ಈ ಬಿಚ್ಚುವ ಕೆಲಸದ್ದೇ, ಅದನ್ನು ಕೊಟ್ಟಾಗಿದೆ. ಉಳಿದಿದ್ದು ಬೇರಿಂಗಿನ ಬೆಲೆ. ಅದನ್ನು ಉಳಿಸುವುದು ಜಾಣತನ ಅಲ್ಲ, ಜಿಪುಣತನವೂ ಅಲ್ಲ. ಜಿಪುಣನಾಗಿದ್ದರೆ ಲಿವರ್ ಗಾರ್ಡ್ ಬಿಡುತ್ತಿದ್ದ. ಕೆಳಗಿನ ಕೋಡ್ ಮುಟ್ಟದೆ ಸ್ಕ್ರೀನ್ ಮಾತ್ರ ಹೊಸದು ಮಾಡಿ ಅನ್ನುವ ಮ್ಯಾನೇಜರನ್ನು ಬೈಯುವ ನಾವೇ, ಶನಿವಾರ ಗ್ಯಾರೇಜಿಗೆ ಹೋಗಿ ಅದೇ ಮ್ಯಾನೇಜರ್ ಆಗುತ್ತೇವೆ.

ಕಾನೂನನ್ನೂ ಹೇಳಿಬಿಡುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರ ಮೂಲ ವಿವರಗಳಿಗೆ ಹೊಂದದ ಬದಲಾವಣೆ ಮಾಡುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಒತ್ತಿ ಹೇಳಿದೆ. ಅದೇ ವರ್ಷದ ತಿದ್ದುಪಡಿಯ ನಂತರ ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಅಂದರೆ ನಾವು 40 ಸಾವಿರ ಸುರಿದ ಕೆಲಸ ತಕರಾರಿನದು, ಬೇಡ ಅಂದ 450ರ ಕೆಲಸ ಯಾರೂ ಪ್ರಶ್ನಿಸಲಾಗದ್ದು. ನನ್ನ ಬೈಕಿಗೆ ಈಗ ಕಂಪನಿಯದೇ ಫೋರ್ಕ್ ವಾಪಸ್ ಬಂದಿದೆ.

ನೀವು ಮಾತ್ರ ಹೀಗೆ ಮಾಡಿ. ಮುಂದಿನ ಗಾಲಿ ನೆಲ ಬಿಟ್ಟು ಏಳುವಂತೆ ಬೈಕ್ ನಿಲ್ಲಿಸಿ, ಹ್ಯಾಂಡಲನ್ನು ಒಂದು ಬೆರಳಿನಿಂದ ಈ ತುದಿಯಿಂದ ಆ ತುದಿಗೆ ತಿರುಗಿಸಿ. ನಡುವೆ ಕಚ್ಚಿದರೆ ಕಪ್ ಹೋಗಿದೆ. ಫೋರ್ಕಿನ ಕೆಳಭಾಗ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ. ಕಟಕಟ ಅಂದರೆ ಸಡಿಲ. ಅತಿ ಬಿಗಿ ಮಾಡಿದರೂ ಬೈಕು ನಿಧಾನದಲ್ಲಿ ಹಾವಿನಂತೆ ಹೊರಳುತ್ತದೆ. ಹೊಸದು ಹಾಕಿದ ಮೇಲೂ ಕೆಲವು ನೂರು ಕಿಲೋಮೀಟರ್ ಓಡಿಸಿ ಬಿಗಿ ಇನ್ನೊಮ್ಮೆ ನೋಡಿಸಿ.

ಆ ಹಳಿಯಾಳದ ಗ್ಯಾರೇಜಿನಲ್ಲಿ ನನ್ನ ಬೈಕಿನ ಪಕ್ಕ ಹಾಲಿನ ಕ್ಯಾನ್ ಸಾಗಿಸುವ ಹಳೇ ಬೈಕೊಂದು ನಿಂತಿತ್ತು. ಸೀಟು ಹರಿದಿತ್ತು, ಇಂಡಿಕೇಟರ್‌ಗೆ ದಾರ ಕಟ್ಟಿತ್ತು. ಅದಕ್ಕೆ ಅವತ್ತು ಹಾಕುತ್ತಿದ್ದದ್ದು ಹೊಸ ಕೋನ್ ಸೆಟ್. ಅದರ ಮಾಲೀಕರಿಗೆ ಯಾರೂ ಲೇಖನ ಬರೆದು ಹೇಳಿರಲಿಲ್ಲ. ಮುಂದಿನ ಸಲ ಗ್ಯಾರೇಜಿನ ಹುಡುಗ ಕೇಳಿದಾಗ "ಹಾಕಪ್ಪ" ಅನ್ನಿ. ಹಳೇ ಕಪ್ ಇಸ್ಕೊಂಡು ಒಮ್ಮೆ ಉಗುರಾಡಿಸಿ ನೋಡಿ.