ಹೋಲ್ಡರು ಯಾರ ಕೈಯಲ್ಲಿ?

ಪೇಟೆಯಲ್ಲಿ ಒಂದು ಬಲ್ಬು ಕೊಳ್ಳುವಾಗ ಅದು ನಮ್ಮ ಮನೆಯ ಹೋಲ್ಡರಿಗೆ ಕೂಡುತ್ತದೆಯೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ಕೇಳಬೇಕಾಗಿಯೂ ಇಲ್ಲ. ಎರಡು ಪಿನ್ನು, ಒಂದು ಒತ್ತು, ಒಂದು ತಿರುವು, ದೀಪ ಹತ್ತಿತು. ಬಲ್ಬು ಒಬ್ಬನದು, ಹೋಲ್ಡರು ಇನ್ನೊಬ್ಬನದು, ವೈರು ಮೂರನೆಯವನದು, ಕರೆಂಟು ಸರಕಾರಿ ಕಂಪೆನಿಯದು. ಈ ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಹೀಗಿದ್ದೂ ಕೆಲಸ ನಡೆಯುತ್ತದೆ. ಕಾರಣವೇನೆಂದರೆ ಹೋಲ್ಡರಿನ ಅಳತೆ ಯಾವನೊಬ್ಬನ ಸ್ವತ್ತೂ ಅಲ್ಲ. ಇಂಗ್ಲಿಷರ ಕಾಲದಲ್ಲಿ ನಮ್ಮಲ್ಲಿಗೆ ಬಂದ 22 ಮಿಲಿಮೀಟರಿನ ಪಿನ್ ಹೋಲ್ಡರು, ಯುರೋಪಿನ 27 ಮಿಲಿಮೀಟರಿನ ತಿರುಪಿನ ಹೋಲ್ಡರು, ಎರಡೂ ಎಲ್ಲರಿಗೂ ತೆರೆದಿಟ್ಟ ಅಳತೆಗಳು. ಯಾವ ಕಾರಖಾನೆಯವನಾದರೂ ಆ ಅಳತೆಗೆ ಮಾಲು ಮಾಡಬಹುದು. ಯಾವ ಅಂಗಡಿಯವನಾದರೂ ಹತ್ತು ಕಂಪೆನಿಯ ಬಲ್ಬನ್ನು ಒಂದೇ ಕಪಾಟಿನಲ್ಲಿ ಇಟ್ಟು ಮಾರಬಹುದು. ನಮ್ಮ ಸಣ್ಣ ವರ್ತಕರ ಬದುಕು ಎಷ್ಟರ ಮಟ್ಟಿಗೆ ಈ ಚಿಕ್ಕ ಬಟ್ಟಲನ್ನು ನಂಬಿಕೊಂಡಿದೆಯೆಂಬುದು ಅದು ಕೈತಪ್ಪುವ ತನಕ ಗೊತ್ತಾಗುವುದಿಲ್ಲ.

ಈಗ ಅದು ಕೈತಪ್ಪುವ ಕಾಲ ಬಂದಿದೆ ಎಂಬುದೇ ನಮ್ಮ ಇಂದಿನ ಮಾತು.

ಮೊನ್ನೆ ನಮ್ಮೂರ ಪೇಟೆಯಲ್ಲಿ ಎಲೆಕ್ಟ್ರಿಕ್ ಸಾಮಾನಿನ ಅಂಗಡಿಯೊಂದರಲ್ಲಿ ಕುಳಿತಿದ್ದೆವು. ಒಬ್ಬ ಹುಡುಗ ಬಂದು ಒಂದು ಬಲ್ಬನ್ನು ಮೇಜಿನ ಮೇಲೆ ಇಟ್ಟ. ಬಾಯಲ್ಲಿ ಹೇಳಿದರೆ ಹತ್ತುವ, ಬಣ್ಣ ಬದಲಿಸುವ ಹೊಸ ಜಾತಿಯ ಬಲ್ಬು. ಅಂಗಡಿಯವರು ಅದನ್ನು ಹೋಲ್ಡರಿಗೆ ಹಾಕಿ ನೋಡಿದರು. ಹತ್ತಿತು.

“ಉರಿತೈತಲ್ಲಪ್ಪಾ.”

“ಉರಿತೈತಿ ಅಣ್ಣಾರೆ, ಮಾತು ಕೇಳಂಗಿಲ್ಲ.”

ವಿಚಾರಿಸಿದಾಗ ತಿಳಿದದ್ದು ಇಷ್ಟು: ಹುಡುಗನ ಮನೆಯಲ್ಲಿದ್ದ ಮಾತು ಕೇಳುವ ಸ್ಪೀಕರು ಒಂದು ಕಂಪೆನಿಯದು. ಬಲ್ಬಿನ ಡಬ್ಬಿಯ ಮೇಲೆ ಅಚ್ಚಾಗಿದ್ದ ಗುರುತು ಇನ್ನೊಂದು ಕಂಪೆನಿಯದು. ಬಲ್ಬು ಕೆಟ್ಟಿಲ್ಲ, ಸ್ಪೀಕರೂ ಕೆಟ್ಟಿಲ್ಲ. ಇಬ್ಬರಿಗೂ ಮಾತಿಲ್ಲ, ಅಷ್ಟೆ. ಸಗಟು ವ್ಯಾಪಾರಿಗೆ ಫೋನು ಮಾಡಿದರೆ “ಮಾಲು ಸರಿಯಿದೆ, ವಾಪಸು ತೆಗೆದುಕೊಳ್ಳುವುದಿಲ್ಲ” ಎಂಬ ಉತ್ತರ. ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಲು ಅಂಗಡಿಯವರಿಗೆ ಮನಸ್ಸು ಬರಲಿಲ್ಲ. ದುಡ್ಡು ಕೊಟ್ಟರು. ನಷ್ಟ ಯಾರ ತಲೆಯ ಮೇಲೆ ಬಂತು ನೋಡಿ. ಬಲ್ಬು ಮಾಡಿದವನ ಮೇಲಲ್ಲ, ಸ್ಪೀಕರು ಮಾಡಿದವನ ಮೇಲೂ ಅಲ್ಲ.

ಈ ಬಲ್ಬಿನ ಒಳಗೆ ನಡೆಯುವುದೇನೆಂದು ಸ್ವಲ್ಪ ತಿಳಿದುಕೊಳ್ಳಬೇಕು. ನಾವು ಸ್ಪೀಕರಿನ ಮುಂದೆ ನಿಂತು ದೀಪ ಹಚ್ಚೆಂದು ಹೇಳುತ್ತೇವೆ. ಆ ಮಾತು ಮನೆಯ ವೈಫೈ ಹಿಡಿದು ಸ್ಪೀಕರು ಕಂಪೆನಿಯ ದೂರದ ಸರ್ವರಿಗೆ ಹೋಗುತ್ತದೆ. ಅಲ್ಲಿ ಯಂತ್ರವು ಅದನ್ನು ಬಿಡಿಸಿ ಓದಿ, ಇದು ಇಂಥ ಕಂಪೆನಿಯ ಬಲ್ಬಿಗೆ ಸೇರಿದ ಅಪ್ಪಣೆ ಎಂದು ಆ ಕಂಪೆನಿಯ ಸರ್ವರಿಗೆ ದಾಟಿಸುತ್ತದೆ. ಆ ಸರ್ವರು ತಿರುಗಿ ನಮ್ಮ ಮನೆಗೆ ಸುದ್ದಿ ಕಳಿಸುತ್ತದೆ. ಆಗ ದೀಪ ಹತ್ತುತ್ತದೆ. ತಲೆಯ ಮೇಲೆ ಮೂರು ಮೊಳ ದೂರದಲ್ಲಿರುವ ದೀಪಕ್ಕೆ ಮಾತು ಸಮುದ್ರ ದಾಟಿ ಹೋಗಿ ಬಂದರೂ ಬಂದೀತು. ಎಲ್ಲ ಬಲ್ಬುಗಳೂ ಹೀಗೆಯೇ ಅಲ್ಲ. ಕೆಲವು ಜಿಗ್ಬೀ ಎಂಬ ಸಣ್ಣ ರೇಡಿಯೋ ಅಲೆಯಿಂದ ಮನೆಯೊಳಗಿನ ಒಂದು ಪೆಟ್ಟಿಗೆಯೊಡನೆ ಮಾತಾಡುತ್ತವೆ. ಆದರೆ ಆ ಪೆಟ್ಟಿಗೆಯೂ ಯಾವುದೋ ಒಂದು ಕಂಪೆನಿಯದೇ.

ಅಂದಮೇಲೆ ಹೋಲ್ಡರು ಎಲ್ಲಿದೆ? ಚಾವಣಿಯಲ್ಲಿ ಕಾಣುವುದು ಬರೀ ಕರೆಂಟಿನ ಹೋಲ್ಡರು. ನಿಜವಾದ ಹೋಲ್ಡರು, ಅಂದರೆ ಯಾವ ಬಲ್ಬು ಕೂಡಬೇಕು ಯಾವುದು ಕೂಡಬಾರದು ಎಂದು ತೀರ್ಮಾನಿಸುವ ಜಾಗ, ಕಂಪೆನಿಯ ಕಚೇರಿಗೆ ಹೊರಟುಹೋಗಿದೆ.

ಇದು ಬರಿಯ ಊಹೆಯಲ್ಲ. ಈ ಜಾತಿಯ ಬಲ್ಬುಗಳಲ್ಲಿ ಹೆಸರಾದ ಫಿಲಿಪ್ಸ್ ಹ್ಯೂ 2012ರಲ್ಲಿ ಮಾರುಕಟ್ಟೆಗೆ ಬಂತು. ಅದರ ಪೆಟ್ಟಿಗೆಗೆ ಬೇರೆ ಕಂಪೆನಿಯ ಅಗ್ಗದ ಜಿಗ್ಬೀ ಬಲ್ಬುಗಳೂ ಸೇರುತ್ತಿದ್ದವು. ಜನ ಸೇರಿಸಿಕೊಂಡು ಸುಖವಾಗಿದ್ದರು. 2015ರ ಡಿಸೆಂಬರಿನಲ್ಲಿ ಕಂಪೆನಿಯು ಅಂತರಜಾಲದ ಮೂಲಕ ಪೆಟ್ಟಿಗೆಯೊಳಗಿನ ತಂತ್ರಾಂಶ ಬದಲಿಸಿತು. ತನ್ನ ಒಪ್ಪಿಗೆಯಿಲ್ಲದ ಪರರ ಬಲ್ಬುಗಳನ್ನು ಹೊಸದಾಗಿ ಸೇರಿಸಲು ಬಾರದಂತೆ ಬಾಗಿಲು ಹಾಕಿತು. ದುಡ್ಡು ಕೊಟ್ಟು ಕೊಂಡವನ ಮನೆಯೊಳಗಿನ ಪೆಟ್ಟಿಗೆ, ಅವನನ್ನು ಕೇಳದೆ ತನ್ನ ಗುಣ ಬದಲಿಸಿತು! ಬಳಕೆದಾರರು ಸುಮ್ಮನಿರಲಿಲ್ಲ. ನಾನಾ ದೇಶಗಳಿಂದ ಕೂಗೆದ್ದಿತು, ಕೆಲವೇ ದಿನಗಳಲ್ಲಿ ಕಂಪೆನಿ ಆ ಬದಲಾವಣೆಯನ್ನು ಹಿಂದಕ್ಕೆ ತೆಗೆದುಕೊಂಡಿತು. ಕೂಗದಿದ್ದರೆ ತೆಗೆದುಕೊಳ್ಳುತ್ತಿತ್ತೇ? ನಮ್ಮ ಗಿರಣಿಯ ಗೆಳೆಯರನ್ನು ಕೇಳಿ, ಹೇಳುತ್ತಾರೆ.

ಅದೇ 2012ರ ಮೊದಲ ಪೆಟ್ಟಿಗೆಗೆ 2020ರ ಏಪ್ರಿಲಿನಲ್ಲಿ ಅಂತರಜಾಲದ ಸೇವೆ ನಿಂತಿತು. ಮನೆಯೊಳಗಿನ ಫೋನಿನಿಂದ ದೀಪ ಹತ್ತಿಸಬಹುದಿತ್ತು, ಅಷ್ಟಕ್ಕೆ ತೃಪ್ತಿಪಡಬೇಕಾಯಿತು. ಅಮೆರಿಕದ ಇನ್‌ಸ್ಟಿಯಾನ್ ಎಂಬ ಕಂಪೆನಿಯದು ಇನ್ನೂ ಘೋರ. 2022ರ ಏಪ್ರಿಲಿನಲ್ಲಿ ಒಂದು ದಿನ ಮುನ್ಸೂಚನೆಯಿಲ್ಲದೆ ಅದರ ಸರ್ವರುಗಳು ನಿಂತುಹೋದವು. ಗೋಡೆಯ ಸ್ವಿಚ್ಚು ನಡೆಯುತ್ತಿತ್ತು, ಫೋನೂ ಮಾತೂ ನಡೆಯಲಿಲ್ಲ. ಎರಡು ತಿಂಗಳಾದ ಮೇಲೆ ಅದರ ಬಳಕೆದಾರರಲ್ಲೇ ಕೆಲವರು ಸೇರಿ ಕಂಪೆನಿಯನ್ನು ಕೊಂಡು ಮತ್ತೆ ನಡೆಸಿದರು. ಅವರಿಗೆ ಅಷ್ಟು ಬಂಡವಾಳವಿತ್ತು. ಎಲ್ಲರಿಗೂ ಇದ್ದೀತೇ? ಇನ್ನು ಸರ್ವರು ಮುಚ್ಚದೆ, ಬರೀ ಎಡವಿದರೂ ಸಾಕು. 2021ರ ಡಿಸೆಂಬರ್ 7ರಂದೂ 2025ರ ಅಕ್ಟೋಬರ್ 20ರಂದೂ ಅಮೆರಿಕದ ವರ್ಜೀನಿಯಾದಲ್ಲಿರುವ ಅಮೆಜಾನಿನ ಸರ್ವರು ಕೇಂದ್ರದಲ್ಲಿ ತೊಡಕಾಗಿ ಅಲೆಕ್ಸಾ ಅನೇಕರ ಮನೆಗಳಲ್ಲಿ ಮೂಕವಾಯಿತು. ಕರೆಂಟಿದೆ, ಬಲ್ಬಿದೆ, ಗಂಟಲಿದೆ; ಹೇಳಿದರೆ ದೀಪ ಹತ್ತುವುದಿಲ್ಲ.

ಇದೆಲ್ಲ ಶ್ರೀಮಂತರ ಆಟಿಕೆ, ನಮಗೇಕೆ ಎನ್ನುವವರಿದ್ದಾರೆ. ನಾವು ಹಾಗೆನ್ನಲಾರೆವು. ಮೂವತ್ತು ವರ್ಷ ಗಿರಣಿಯಲ್ಲಿ ದುಡಿದು ಪಾರ್ಶ್ವವಾಯು ಬಡಿದು ಮಲಗಿದವನಿಗೆ, ರಾತ್ರಿ ಎದ್ದು ಗೋಡೆ ತಡವಲಾರದ ಮುದುಕಿಗೆ, ಕಣ್ಣಿಲ್ಲದವರಿಗೆ, ಮಾತಿನಿಂದ ನಡೆಯುವ ದೀಪ ಫ್ಯಾನುಗಳು ದೊಡ್ಡ ಆಸರೆ. ಇಂಥ ಬಲ್ಬು ಈಗ ಸಾವಿರ ರೂಪಾಯಿಯೊಳಗೇ ಸಿಗುತ್ತದೆ. ನಾವು ಯಂತ್ರದ ವೈರಿಗಳಲ್ಲ. ಯಾರಿಗೆ ಈ ಸಾಧನ ಹೆಚ್ಚು ಬೇಕೋ ಅವರೇ ಅದು ಕೈಕೊಟ್ಟಾಗ ಹೆಚ್ಚು ಕಷ್ಟಪಡುವವರು, ಅದರಿಂದಲೇ ನಮ್ಮ ಆತಂಕ. ಹಾಸಿಗೆ ಹಿಡಿದವನು ಗೋಡೆಯ ಸ್ವಿಚ್ಚಿನ ತನಕ ಹೋಗಲಾರ. ಸ್ವಿಚ್ಚಿನದೂ ಒಂದು ತಮಾಷೆಯಿದೆ, ಇಲ್ಲೇ ಹೇಳಿಬಿಡುತ್ತೇವೆ: ಮನೆಯ ಹಿರಿಯರು ಹಳೆಯ ಅಭ್ಯಾಸದಿಂದ ಗೋಡೆಯ ಸ್ವಿಚ್ಚು ಆರಿಸಿದರೆ ಈ ಬಲ್ಬು ಕಿವುಡಾಗುತ್ತದೆ. ಅದು ಮಾತು ಕೇಳಬೇಕಾದರೆ ಸದಾ ಕರೆಂಟು ಇರಬೇಕು. ನಡುರಾತ್ರಿ ಕರೆಂಟು ಹೋಗಿ ಬಂದರೆ ಕೆಲವು ಬಲ್ಬುಗಳು ಯಾರೂ ಕರೆಯದೆ ತಾವಾಗಿಯೇ ಝಗ್ಗನೆ ಹತ್ತಿ ಮನೆಮಂದಿಯನ್ನೆಲ್ಲ ಎಬ್ಬಿಸುತ್ತವೆ.

ಭಾಷೆಯ ಮಾತೂ ಇದೆ. ಅಲೆಕ್ಸಾ 2017ರಲ್ಲಿ ನಮ್ಮ ದೇಶಕ್ಕೆ ಬಂದಾಗ ಇಂಗ್ಲಿಷಿನಲ್ಲಿ ಹೇಳಬೇಕಾಗಿತ್ತು. 2019ರಲ್ಲಿ ಹಿಂದಿ ಸೇರಿತು. ಕನ್ನಡದ ಸರದಿ ಎರಡು ಸಲವೂ ಬರಲಿಲ್ಲ. ಬಲ್ಬಿಗೂ ಸ್ಪೀಕರಿಗೂ ಹೊಂದಿಕೆಯಾದರೆ ಸಾಲದು, ಸ್ಪೀಕರಿಗೂ ನಮ್ಮ ಮುದುಕಿಗೂ ಹೊಂದಿಕೆಯಾಗಬೇಡವೇ?

ಕಂಪೆನಿಗಳು ಏನೂ ಮಾಡಿಲ್ಲವೆಂದರೆ ಅನ್ಯಾಯವಾದೀತು. 2019ರ ಡಿಸೆಂಬರಿನಲ್ಲಿ ಅಮೆಜಾನ್, ಆಪಲ್, ಗೂಗಲ್ ಮತ್ತು ಜಿಗ್ಬೀ ಕೂಟ ಸೇರಿ ಎಲ್ಲರಿಗೂ ಸಮನಾದ ಒಂದು ಭಾಷೆ ಮಾಡುವುದಾಗಿ ಸಾರಿದವು. 2021ರಲ್ಲಿ ಅದಕ್ಕೆ ಮ್ಯಾಟರ್ ಎಂದು ಹೆಸರಿಟ್ಟರು, 2022ರ ಅಕ್ಟೋಬರಿನಲ್ಲಿ ಮೊದಲ ಆವೃತ್ತಿ ಹೊರಬಂತು. ಮೂರು ಬಾಣಗಳು ಒಳಮುಖವಾಗಿ ಕೂಡುವ ಗುರುತು ಡಬ್ಬಿಯ ಮೇಲಿದ್ದರೆ ಅದು ಮ್ಯಾಟರ್ ಬಲ್ಬು. ಅದನ್ನು ಒಂದೇ ಹೊತ್ತಿನಲ್ಲಿ ಎರಡು ಮೂರು ಕಂಪೆನಿಗಳ ವ್ಯವಸ್ಥೆಗೆ ಸೇರಿಸಬಹುದು. ಅಪ್ಪಣೆಯೂ ಕಂಪೆನಿಯ ಸರ್ವರು ಸುತ್ತದೆ ಮನೆಯೊಳಗೇ ಬಲ್ಬಿಗೆ ಮುಟ್ಟುತ್ತದೆ. ಇದು ನಿಜವಾದ ಪ್ರಗತಿಯೆಂದು ನಾವು ಒಪ್ಪುತ್ತೇವೆ. ಆದರೆ ಆಡಿದ ಮಾತನ್ನು ಅರ್ಥಮಾಡುವ ಕೆಲಸ ಹೆಚ್ಚಾಗಿ ಈಗಲೂ ದೂರದ ಸರ್ವರಿನದೇ. ನೆಟ್ ಕಡಿದರೆ ಫೋನು ನಡೆದೀತು, ಮಾತು ನಡೆಯುವುದು ಕಷ್ಟ. ಬಣ್ಣದ ಬೆಡಗಿನ ಆಟಗಳಲ್ಲಿ ಕೆಲವು ತಂತಮ್ಮ ಕಂಪೆನಿಯ ಆ್ಯಪಿನಲ್ಲಿ ಮಾತ್ರ ಉಳಿದಿವೆ. ಹಳೆಯ ಬಲ್ಬು ಕೊಂಡವನ ಗತಿ ಕಂಪೆನಿಯ ದಯೆಗೆ ಬಿಟ್ಟದ್ದು.

ದೊಡ್ಡ ಕಂಪೆನಿಗಳು ಒಂದೇ ಮೇಜಿಗೆ ಕುಳಿತವೆಂದು ನಾವು ಪೂರ್ತಿ ನೆಮ್ಮದಿಯಿಂದ ಇರಲೂ ಆಗದು. ಬಲ್ಬಿನ ಚರಿತ್ರೆಯಲ್ಲೇ ಇದಕ್ಕೆ ಸಾಕ್ಷಿಯಿದೆ. 1924ರಲ್ಲಿ ಓಸ್ರಾಮ್, ಫಿಲಿಪ್ಸ್ ಮೊದಲಾದ ಬಲ್ಬು ಕಂಪೆನಿಗಳು ಜಿನೀವಾದಲ್ಲಿ ಫೀಬಸ್ ಎಂಬ ಕೂಟ ಕಟ್ಟಿದವು. ದೇಶ ದೇಶಗಳ ಮಾರುಕಟ್ಟೆಯನ್ನು ಹಂಚಿಕೊಂಡವು. ಬಲ್ಬು 1000 ಗಂಟೆಗಿಂತ ಹೆಚ್ಚು ಉರಿಯಬಾರದೆಂದು ಗೊತ್ತುಮಾಡಿ, ಹೆಚ್ಚು ಬಾಳುವ ಬಲ್ಬು ಮಾಡಿದ ಸದಸ್ಯನಿಗೆ ದಂಡ ಹಾಕಿದವು. ಅದಕ್ಕೆ ಮುಂಚೆ 1500, 2000 ಗಂಟೆ ಉರಿಯುವ ಬಲ್ಬುಗಳಿದ್ದವು. ಅದೂ ಒಂದು ‘ಸಾಮಾನ್ಯ ಅಳತೆ’ಯೇ! ಇಂದಿನ ಮ್ಯಾಟರ್ ಕೂಟ ಅಂಥದೆಂದು ನಾವು ಹೇಳುತ್ತಿಲ್ಲ. ಕೊಳ್ಳುವವನಿಗೂ ಮಾರುವವನಿಗೂ ಆ ಮೇಜಿನಲ್ಲಿ ಕುರ್ಚಿ ಇಲ್ಲವೆಂದಷ್ಟೇ ಹೇಳುತ್ತಿದ್ದೇವೆ. ಆ ಕುರ್ಚಿಯಲ್ಲಿ ನಮ್ಮ ಪರವಾಗಿ ಸರಕಾರ ಕೂರಬೇಕು.

ಸರಕಾರದಿಂದ ಏನಾದೀತು ಎಂಬವರು ಎಲ್‌ಇಡಿ ಬಲ್ಬನ್ನು ನೋಡಲಿ. 2015ರ ಜನವರಿಯಲ್ಲಿ ಉಜಾಲಾ ಯೋಜನೆ ಬಂತು. ನಮ್ಮ ರಾಜ್ಯದಲ್ಲಿ ಅದು ‘ಹೊಸ ಬೆಳಕು’ ಎಂದು ನಡೆಯಿತು. ಸರಕಾರವೇ ಗುಣಮಟ್ಟ ಗೊತ್ತುಮಾಡಿ ಕೋಟಿಗಟ್ಟಲೆ ಬಲ್ಬಿಗೆ ಟೆಂಡರು ಕರೆದಾಗ, 2014ರಲ್ಲಿ 310 ರೂ. ಇದ್ದ ಸಗಟು ಬೆಲೆ 2016ರ ಹೊತ್ತಿಗೆ 38 ರೂ.ಗೆ ಇಳಿಯಿತು. ಇಂಗ್ಲೆಂಡಿನಲ್ಲಿ 2024ರ ಏಪ್ರಿಲ್ 29ರಿಂದ ಜಾರಿಯಲ್ಲಿರುವ ಕಾನೂನಿನಂತೆ, ನೆಟ್ಟಿಗೆ ಸೇರುವ ಗೃಹಸಾಧನ ಮಾಡುವವನು ಅದಕ್ಕೆ ಕನಿಷ್ಠ ಎಂದಿನವರೆಗೆ ಭದ್ರತೆಯ ತಿದ್ದುಪಡಿ ಒದಗಿಸುವನೆಂದು ಬಹಿರಂಗವಾಗಿ ತಿಳಿಸಬೇಕು. ಔಷಧಿಯ ಸೀಸೆಯ ಮೇಲೆ ತಾರೀಖು ಇರುವಾಗ ಈ ಬಲ್ಬಿನ ಡಬ್ಬಿಯ ಮೇಲೆ ಏಕಿರಬಾರದು? ಯಾವ ಯಾವ ಸ್ಪೀಕರಿಗೆ ಹೊಂದುತ್ತದೆ, ನೆಟ್ ಇಲ್ಲದಾಗ ಏನೇನು ನಡೆಯುತ್ತದೆ, ಸರ್ವರು ಎಷ್ಟು ವರ್ಷ ನಡೆಸುತ್ತೇವೆ ಎಂಬುದನ್ನು ಕನ್ನಡದಲ್ಲಿ ಅಚ್ಚು ಹಾಕಿಸಬೇಕು. ಹೊಂದದ ಮಾಲನ್ನು ಅಂಗಡಿಯವನಿಂದ ಸಗಟು ವ್ಯಾಪಾರಿ, ಅವನಿಂದ ಕಂಪೆನಿ ವಾಪಸು ಪಡೆಯಬೇಕು. ವರ್ತಕರ ಸಂಘ ಇದನ್ನು ಮನವಿಯಾಗಿ ಬರೆದು ಕಳಿಸುವುದಾದರೆ ಕರಡು ತಯಾರಿಸಿಕೊಡಲು ನಾವು ಸಿದ್ಧ.

ಆ ಹುಡುಗ ಬಿಟ್ಟುಹೋದ ಬಲ್ಬು ಈಗ ಅಂಗಡಿಯ ಚಾವಣಿಯಲ್ಲೇ ಇದೆ. ಸಂಜೆಯಾದರೆ ಅಂಗಡಿಯವರು ಎದ್ದು ಗೋಡೆಯ ಸ್ವಿಚ್ಚು ಒತ್ತುತ್ತಾರೆ. ಕೆಳಗೆ ಒಂದು ರಟ್ಟಿನ ಮೇಲೆ ಅವರದೇ ಕೈಬರಹದಲ್ಲಿ ಹೀಗೆ ಬರೆದು ತೂಗುಹಾಕಿದ್ದಾರೆ: “ಮಾತಿನ ಬಲ್ಬು ಬೇಕಾದವರು ಮೊದಲು ನಿಮ್ಮ ಮನೆಯ ಸ್ಪೀಕರು ಯಾವುದೆಂದು ಹೇಳಿ.”