ಕಾರಂಜಿಯ ಕಲ್ಲು ಎಲ್ಲಿಯದು?

ಒಂದು ತೊಟ್ಟಿ, ಅಂಗೈಯಗಲದ ಪಂಪು, ನಾಲ್ಕು ಮೊಳ ಕೊಳವೆ ಇದ್ದರೆ ಸಾಕು, ಇಂದು ಮನೆಯಂಗಳದಲ್ಲಿಯೇ ಕಾರಂಜಿಯೊಂದನ್ನು ಕಟ್ಟಿಕೊಳ್ಳಬಹುದು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಹೊಸ ಮನೆಗಳ ಮುಂದೆಯೂ ಶಾಲೆಗಳ ಕೈತೋಟಗಳಲ್ಲಿಯೂ ಇಂಥ ಹಂಬಲ ಸಹಜವಾದದ್ದೇ. ಬಿರುಬಿಸಿಲಿನ ನಾಡಿನಲ್ಲಿ ನೀರಿನ ಸದ್ದನ್ನು ಬಯಸುವುದು ತಪ್ಪಲ್ಲ. ಆದರೆ ತೊಟ್ಟಿ ಸಿದ್ಧವಾದೊಡನೆ ಮುಂದಿನ ಪ್ರಶ್ನೆ ಏಳುತ್ತದೆ: ಇದನ್ನು ಯಾವುದರಿಂದ ಅಲಂಕರಿಸುವುದು? ಪ್ರಶ್ನೆ ಚಿಕ್ಕದು. ಅದರ ಹಿಂದೆ ಮಾತ್ರ ಒಂದು ನದಿಯೇ ಹರಿಯುತ್ತಿದೆ.

ಎಲ್ಲರ ಕಣ್ಣೂ ಮೊದಲು ಬೀಳುವುದು ಹೊಳೆಯ ನುಣುಪುಗಲ್ಲಿನ ಮೇಲೆ. ಮಹಾಬಳೇಶ್ವರದ ಎತ್ತರದಲ್ಲಿ ಹುಟ್ಟಿದ ಕೃಷ್ಣೆ, ಕೊಲ್ಹಾಪುರದ ಸಹ್ಯಾದ್ರಿಯಿಂದ ಇಳಿದು ಬರುವ ವೇದಗಂಗಾ, ದೂಧಗಂಗಾ — ಇವೇ ಈ ಐದು ತಾಲೂಕುಗಳ ಜೀವನಾಡಿಗಳು. ಘಟ್ಟದ ಕಪ್ಪುಶಿಲೆ ಒಡೆದು, ಉರುಳಿ, ಒಂದಕ್ಕೊಂದು ಉಜ್ಜಿ ದುಂಡಗಾಗಲು ಹಿಡಿದ ಕಾಲವನ್ನು ಮನುಷ್ಯನ ತಲೆಮಾರುಗಳಿಂದ ಅಳೆಯಲಾಗದು. ಹೀಗೆ ಬಂದ ಕಲ್ಲು ಹೊಳೆಯಲ್ಲಿ ಸುಮ್ಮನೆ ಬಿದ್ದಿರುವುದಿಲ್ಲ. ಅದು ತಳದ ಮಣ್ಣನ್ನು ಒತ್ತಿ ಹಿಡಿಯುತ್ತದೆ, ಪ್ರವಾಹದ ರಭಸವನ್ನು ಮುರಿಯುತ್ತದೆ. ಅದರ ಸಂದುಗಳಲ್ಲಿ ಮೀನು ಮೊಟ್ಟೆಯಿಡುತ್ತದೆ. ಬಸವನಹುಳು ಮತ್ತು ನೀರುಹುಳುಗಳ ಮರಿಗಳು ಬೆಳೆಯುತ್ತವೆ. ಮರಳು ಮತ್ತು ಕಲ್ಲಿನ ಪದರದ ಮೂಲಕವೇ ಹೊಳೆಯ ನೀರು ದಂಡೆಯ ಬಾವಿಗಳಿಗೆ ಇಂಗುತ್ತದೆ. 2005, 2019 ಮತ್ತು 2021ರ ಮಹಾಪೂರಗಳನ್ನು ಕಂಡ ದಂಡೆಯ ಊರುಗಳಿಗೆ ಹೊಳೆಯ ತಳ ಗಟ್ಟಿಯಾಗಿರಬೇಕಾದ ಅಗತ್ಯವನ್ನು ಬೇರೆಯವರು ತಿಳಿಸಿಕೊಡಬೇಕಾಗಿಲ್ಲ.

ಒಂದು ಬುಟ್ಟಿ ಕಲ್ಲು ತಂದರೆ ಹೊಳೆ ಬರಿದಾಗುವುದೇ ಎಂದು ಓದುಗರು ಕೇಳಬಹುದು. ಆಗುವುದಿಲ್ಲ. ಮಗುವೊಂದು ಹೊಳೆಯಿಂದ ಆರಿಸಿ ತಂದ ಕಲ್ಲಿನ ಮೇಲೆ ನಮ್ಮ ತಕರಾರಿಲ್ಲ. ಆದರೆ ಬುಟ್ಟಿಯ ರುಚಿ ಪೇಟೆಯ ಬೇಡಿಕೆಯಾಗುತ್ತದೆ, ಬೇಡಿಕೆ ಟ್ರ್ಯಾಕ್ಟರನ್ನು ಹೊಳೆಗೆ ಇಳಿಸುತ್ತದೆ. ಮರಳಿನ ವಿಷಯದಲ್ಲಿ ನಡೆದದ್ದೂ ಇದೇ. 2012ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಐದು ಹೆಕ್ಟೇರಿಗಿಂತ ಚಿಕ್ಕದಾದ ಮರಳು, ಕಲ್ಲುಗಳ ಗಣಿಗೂ ಪರಿಸರ ಅನುಮತಿ ಬೇಕೆಂದು ಆದೇಶಿಸಬೇಕಾಯಿತು. ಚಿಕ್ಕಚಿಕ್ಕ ಅಗೆತಗಳು ಕೂಡಿದಾಗ ಆಗುವ ಹಾನಿ ಚಿಕ್ಕದಲ್ಲವೆಂಬುದೇ ಆ ಆದೇಶದ ತಿರುಳು. ಅಂಗಡಿಯ ಚೀಲದಲ್ಲಿ ಬರುವ ಬೆಣಚುಕಲ್ಲಿಗೆ ಬೆಲೆಯ ಚೀಟಿ ಇರುತ್ತದೆ, ಊರಿನ ಹೆಸರು ಇರುವುದಿಲ್ಲ. ‘ಇದು ಎಲ್ಲಿಯ ಕಲ್ಲು?’ ಎಂದು ಕೇಳುವುದು ಕೊಳ್ಳುವವರ ಹಕ್ಕು. ಕೇಳಲೇಬೇಕಾದದ್ದು ಅವರ ಕರ್ತವ್ಯ.

ಕಡಲಿನಿಂದ ಬಂದ ಅಲಂಕಾರಗಳ ಬಗೆಗೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ಹವಳದ ಕೊಂಬೆ ಕಲ್ಲಿನಂತೆ ಕಂಡರೂ ಅದು ಜೀವಿಗಳು ಕಟ್ಟಿದ ಮನೆ. ಹವಳದ ದಿಬ್ಬ ಕಟ್ಟುವ ಜೀವಿಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿವೆ. ಕೆಲವು ದೊಡ್ಡ ಶಂಖ, ಚಿಪ್ಪುಗಳಿಗೂ ಅದೇ ಕಾಯ್ದೆಯ ರಕ್ಷಣೆಯಿದೆ. ಪ್ರವಾಸದ ನೆನಪಿಗೆಂದು ಅವನ್ನು ಕೊಂಡು ತರುವುದು ಅಪರಾಧಕ್ಕೆ ದಾರಿಯಾಗಬಹುದು.

ಇನ್ನು ಬಣ್ಣ ಬಳಿದ ಕಲ್ಲು, ಪ್ಲಾಸ್ಟಿಕ್ ಹೂವು, ಪ್ಲಾಸ್ಟರ್ ಆಫ್ ಪ್ಯಾರಿಸಿನ ಬೊಂಬೆಗಳು. ಸದಾ ನೀರು ಬೀಳುವೆಡೆಯಲ್ಲಿ ಬಣ್ಣ ಏಳುತ್ತದೆ, ಪ್ಲಾಸ್ಟರು ಮೆತ್ತಗಾಗಿ ಉದುರುತ್ತದೆ. ಆ ನೀರನ್ನು ಗಿಡಕ್ಕೆ ಹಾಕುವಂತಿಲ್ಲ, ಹಕ್ಕಿಗೆ ಕುಡಿಸುವಂತಿಲ್ಲ. ಅಮೃತಶಿಲೆಯ ಬಿಳಿ ಚೂರು ವಿಷವಲ್ಲವಾದರೂ ನೀರಿನ ಗಡಸುತನವನ್ನು ಹೆಚ್ಚಿಸುತ್ತದೆ, ಪಂಪಿಗೆ ಬಿಳಿಯ ಹೊಪ್ಪಳೆ ಕಟ್ಟುವುದಕ್ಕೂ ಕಾರಣವಾಗಬಹುದು. ಕಲ್ಲಿನ ಮೇಲೆ ನಿಂಬೆಯ ರಸ ಹಿಂಡಿ ನೋಡಿರಿ. ನೊರೆಗುಳ್ಳೆ ಎದ್ದರೆ ಅದರಲ್ಲಿ ಸುಣ್ಣದ ಅಂಶವಿದೆ ಎಂದು ತಿಳಿಯಿರಿ. ವಿದ್ಯಾರ್ಥಿಗಳಿಗೆ ಇದೊಂದು ಒಳ್ಳೆಯ ಪಾಠವೂ ಹೌದು. ತೊಟ್ಟಿಯಲ್ಲಿ ಮೀನು ಸಾಕುವವರು ತಾಮ್ರದ ನಾಣ್ಯವನ್ನು ಹಾಕಬಾರದು. ನೀರಿಗಿಳಿದ ತಾಮ್ರ ಮೀನಿಗೂ ಬಸವನಹುಳುವಿಗೂ ಹಾನಿಕರ.

ಹಾಗಾದರೆ ಏನನ್ನು ಬಳಸುವುದು? ಹುಡುಕುವ ಕಣ್ಣಿದ್ದರೆ ಸಾಮಗ್ರಿ ಹಿತ್ತಲಲ್ಲಿಯೇ ಇದೆ. ಮಿಕ್ಸರು ಬಂದ ಮೇಲೆ ಮೂಲೆ ಸೇರಿದ ಒಳಕಲ್ಲಿಗಿಂತ ಸೊಗಸಾದ ಕಾರಂಜಿಯ ಪಾತ್ರೆ ಬೇರೊಂದಿಲ್ಲ. ನಡುವೆ ತೂತಿರುವ ಬೀಸುಕಲ್ಲಿನ ಮೇಲ್ಭಾಗವಂತೂ ಕೊಳವೆಗೆಂದೇ ಕೊರೆದಂತಿದೆ. ನಿಪ್ಪಾಣಿಯ ತವಂದಿ ಘಟ್ಟದ ಆಸುಪಾಸಿನಲ್ಲಾಗಲಿ, ಬೇರೆಡೆಯ ಮಡ್ಡಿ ಹೊಲಗಳಲ್ಲಾಗಲಿ ರೈತರು ಆರಿಸಿ ಗುಡ್ಡೆ ಹಾಕಿದ ಕಲ್ಲುಗಳಿವೆ. ಒಡೆಯರನ್ನು ಕೇಳಿ ಒಂದಿಷ್ಟು ತರಬಹುದು. ಬದುವಿಗೆ ಕಟ್ಟಿದ ಕಲ್ಲನ್ನು ಮಾತ್ರ ಮುಟ್ಟಬಾರದು, ಅದು ಮಣ್ಣನ್ನು ಕಾಯುವ ಕಲ್ಲು. ಕಲ್ಲುಕುಟಿಗರ ಬಳಿ ಉಳಿದ ಚೂರು, ಹಳೆಯ ಮನೆಯ ಒಡೆದ ಹೆಂಚು, ಸೀಳಿದ ಗಡಿಗೆ ಎಲ್ಲವೂ ಒದಗುತ್ತವೆ. ವೀರಗಲ್ಲು, ನಾಗರಕಲ್ಲು, ಹಾಳುಗುಡಿಯ ಕೆತ್ತಿದ ಕಲ್ಲುಗಳು ಮಾತ್ರ ಇದ್ದಲ್ಲಿಯೇ ಇರಲಿ. ಅವು ಊರಿನ ಚರಿತ್ರೆ, ಅಂಗಳದ ಅಲಂಕಾರವಲ್ಲ.

ಕೊಳ್ಳಲೇಬೇಕೆಂದರೆ ನಮ್ಮ ಜಿಲ್ಲೆಯ ಖಾನಾಪುರದ ಮಣ್ಣಿನ ಪಾತ್ರೆಗಳಿವೆ. ಕುಂಬಾರಿಕೆಯ ತರಬೇತಿಗೆಂದೇ ಸಂಸ್ಥೆಯಿರುವ ಊರದು. ಸುಟ್ಟ ಮಣ್ಣಿನ ಪಾತ್ರೆ ನೀರನ್ನು ಜಿನುಗಿಸುವುದರಿಂದ ಅದನ್ನು ಮೇಲಿನ ಮೆಟ್ಟಿಲುಗಳಿಗೆ ಬಳಸಿ, ಕೆಳಗಿನ ತೊಟ್ಟಿಯನ್ನು ಕಲ್ಲಿನದಾಗಿಯೋ ಒಳಗೆ ಸಿಮೆಂಟು ಸವರಿದ್ದಾಗಿಯೋ ಇಟ್ಟುಕೊಳ್ಳುವುದು ಲೇಸು. ಹಾಗೆ ಕೊಟ್ಟ ಹಣ ಕುಂಬಾರರ ತಿಗರಿಯನ್ನು ತಿರುಗಿಸುತ್ತದೆ. ಹೊಳೆಯ ತಳವನ್ನು ಕೆದಕುವುದಿಲ್ಲ.

ಅಥಣಿಯಿಂದ ಮೂಡಲಿಗೆ ಹೋದರೆ ವಿಜಯಪುರ, ಅದರಾಚೆಗೆ ಕುಮಟಗಿ. ಆದಿಲಶಾಹಿಗಳು ಅಲ್ಲಿ ಕೆರೆಯ ಮಗ್ಗುಲಲ್ಲಿ ಬೇಸಿಗೆಯ ಅರಮನೆ ಕಟ್ಟಿ ನೀರನ್ನು ಚಿಮ್ಮಿಸಿದರು, ತುಂತುರಾಗಿ ಸುರಿಸಿದರು. ವಿದ್ಯುತ್ತಿಲ್ಲದ ಕಾಲದಲ್ಲಿ ಎತ್ತರಕ್ಕೇರಿಸಿದ ನೀರಿನ ಭಾರವೇ ಅಲ್ಲಿ ಪಂಪು. ಕಲ್ಲು, ಗಾರೆ, ನೀರು — ಇಷ್ಟರಲ್ಲಿಯೇ ಚೆಲುವನ್ನು ಕಂಡವರು ಅವರು. ಕಾರಂಜಿಯ ನಿಜವಾದ ಅಲಂಕಾರ ನೀರೇ ಎಂಬ ಮಾತನ್ನು ಆ ಪಾಳುಗೋಡೆಗಳು ಇಂದಿಗೂ ಹೇಳುತ್ತಿವೆ.

ಗಿಡಗಳ ವಿಷಯದಲ್ಲಿಯೂ ವಿವೇಕವಿರಲಿ. ನೇರಳೆ ಹೂವಿನ ಜಲಕಳೆ ದಕ್ಷಿಣ ಅಮೆರಿಕದಿಂದ ಅಲಂಕಾರಕ್ಕೆಂದೇ ಬಂದು ದೇಶದ ಕೆರೆಗಳನ್ನು ಮುಚ್ಚಿದ ಕಥೆ ನಮ್ಮ ಕಣ್ಣೆದುರಿಗಿದೆ. ತೊಟ್ಟಿಯ ಗಿಡವನ್ನೂ ಸಾಕಿದ ಮೀನನ್ನೂ ಎಂದಿಗೂ ಹೊಳೆಗೆ ಬಿಡಬಾರದು. ಕಾರಂಜಿ ನಿಂತರೆ ಸೊಳ್ಳೆಗೆ ತೊಟ್ಟಿಲು. ಡೆಂಗ್ಯೂ ಹರಡುವ ಸೊಳ್ಳೆಗೆ ಮೊಟ್ಟೆಯಿಂದ ರೆಕ್ಕೆ ಬಲಿಯಲು ಏಳೆಂಟು ದಿನ ಸಾಕು. ವಾರಕ್ಕೊಮ್ಮೆ ತೊಟ್ಟಿಯನ್ನು ಬರಿದು ಮಾಡಿ ಗೋಡೆಗಳನ್ನು ತಿಕ್ಕಬೇಕು. ತೆಗೆದ ನೀರು ಗಿಡಗಳ ಬುಡಕ್ಕೆ ಹೋಗಲಿ.

ಕೊನೆಯದಾಗಿ ಲೆಕ್ಕದ ಮಾತು. ಎರಡಡಿ ಅಗಲದ ದುಂಡು ತೊಟ್ಟಿಯಿಂದ ದಿನಕ್ಕೆ 8 ಮಿಲಿಮೀಟರು ನೀರು ಆವಿಯಾದರೆ ಹೋಗುವುದು ಸುಮಾರು ಎರಡೂಕಾಲು ಲೀಟರು; ಗಾಳಿಗೆ ಸಿಡಿದು ಹೋಗುವುದು ಬೇರೆ. ನೀರು ಚಿಮ್ಮುವ ಎತ್ತರ ನಡುವಿನಿಂದ ಅಂಚಿಗಿರುವ ದೂರವನ್ನು ಮೀರದಿದ್ದರೆ ಸಿಡಿತ ಕಡಿಮೆಯಾಗುತ್ತದೆ. 18 ವಾಟಿನ ಪಂಪು ಹಗಲಿರುಳು ಓಡಿದರೆ ತಿಂಗಳಿಗೆ 13 ಯೂನಿಟ್ ವಿದ್ಯುತ್ತು. ಸಂಜೆ ಎರಡು ತಾಸು ಮಾತ್ರ ಓಡಿದರೆ ಒಂದು ಯೂನಿಟ್ಟಿಗಿಂತ ತುಸು ಹೆಚ್ಚು. ಕೃಷ್ಣೆಯ ಪಾತ್ರ ಒಣಗಿ, ಕೊಯ್ನಾದಿಂದ ನೀರು ಬಿಡಿರೆಂದು ಮಹಾರಾಷ್ಟ್ರವನ್ನು ಕೇಳಿಕೊಂಡ ಬೇಸಿಗೆಗಳನ್ನು ನಾವು ಕಂಡಿದ್ದೇವೆ. ಟ್ಯಾಂಕರಿನ ಮುಂದೆ ಕೊಡಗಳು ಸಾಲುಗಟ್ಟುವ ದಿನಗಳಲ್ಲಿ ಅಂಗಳದ ಕಾರಂಜಿ ಬಾಯಿ ಮುಚ್ಚಿರುವುದೇ ಮರ್ಯಾದೆ. ಆಗ ಅದೇ ಒಳಕಲ್ಲಿನಲ್ಲಿ ಒಂದು ತಂಬಿಗೆ ನೀರಿಟ್ಟರೆ ಗುಬ್ಬಿ, ಗೊರವಂಕಗಳು ಬಂದು ಕುಡಿದು ಹೋಗುತ್ತವೆ.

ಚೆಲುವನ್ನು ಬಿಡಿರೆಂದು ಈ ಪತ್ರಿಕೆ ಯಾರಿಗೂ ಹೇಳುವುದಿಲ್ಲ. ಬೆಟ್ಟದಲ್ಲಿ ಝರಿಯ ಬಳಿ ಬದುಕುವವರಿಗೆ ನೀರಿನ ಚೆಲುವು ಗೊತ್ತು. ಆದರೆ ಒಂದು ಅಂಗಳವನ್ನು ಸಿಂಗರಿಸಲು ಒಂದು ಹೊಳೆಯನ್ನು ಬೆತ್ತಲೆ ಮಾಡುವುದು ಚೆಲುವಲ್ಲ. ಈ ಬಾರಿಯ ಜೂನ್ 5ರಂದು ಶಾಲೆಯಲ್ಲಿ ಕಾರಂಜಿ ಕಟ್ಟುವ ವಿದ್ಯಾರ್ಥಿಗಳು ಪ್ರತಿಯೊಂದು ಕಲ್ಲಿನ ಊರನ್ನೂ ಹಲಗೆಯ ಮೇಲೆ ಬರೆದಿಡಲಿ. ಊರು ಬರೆಯಲಾಗದ ಕಲ್ಲು ಅಲ್ಲಿರುವುದು ಬೇಡ.