ಕಬ್ಬು ಜಗ್ಗುವ ಹುಡುಗ: ಹೊಣೆ ಯಾರದು?

ಬೈಲಹೊಂಗಲ, ಕಿತ್ತೂರು, ಸವದತ್ತಿ. ಈ ಮೂರೂ ಕಡೆಯ ಗಾಡಿಗಳ ಹಣೆಯಲ್ಲಿ ಒಂದೇ ಬರಹ: ಕೆಎ-24. ನೋಂದಣಿಗೂ ಲೈಸೆನ್ಸಿಗೂ ಎಲ್ಲರೂ ಬೈಲಹೊಂಗಲದ ಆರ್‌ಟಿಓ ಮೆಟ್ಟಿಲು ಹತ್ತಬೇಕು. ದೀಪಾವಳಿಯ ಆಸುಪಾಸು ಕಬ್ಬಿನ ಹಂಗಾಮು ಶುರುವಾಯಿತೆಂದರೆ ಎಂ.ಕೆ. ಹುಬ್ಬಳ್ಳಿ, ಮುನವಳ್ಳಿ ಕಡೆಯ ರಸ್ತೆಗಳೆಲ್ಲ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳ ಪಾಲು. ಅದೇ ಹೊತ್ತಿಗೆ ಬನದ ಹುಣ್ಣಿಮೆ, ಭಾರತ ಹುಣ್ಣಿಮೆ ಬರುತ್ತವೆ. ಯಲ್ಲಮ್ಮನ ಗುಡ್ಡಕ್ಕೆ ನಡೆದು ಹೊರಟವರು, ಚಕ್ಕಡಿ, ಕ್ರೂಸರ್, ಟಂಟಂ ಎಲ್ಲ ಅದೇ ಡಾಂಬರಿನ ಮೇಲೆ. ಇವೆಲ್ಲದರ ಸಂದಿಯಲ್ಲಿ ಪಾಟೀಚೀಲ ಬೆನ್ನಿಗೇರಿಸಿಕೊಂಡ ಹುಡುಗರು.

ನಮ್ಮ ಪ್ರಶ್ನೆ ಇಷ್ಟೇ: ಶಾಲೆಯ ಮಕ್ಕಳು ಓಡಾಡುವ ರಸ್ತೆಯಲ್ಲಿ ಮಗುವಿಗೆ ಗಾಡಿ ಬಡಿದರೆ ಹೊಣೆ ಪೂರ್ತಿ ಚಾಲಕನದೇ? ಹೌದು ಎಂದವರು ಸವದತ್ತಿ ತಾಲೂಕಿನ ರಸ್ತೆಬದಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಮೂವತ್ತು ವರ್ಷ ಕಲಿಸಿ ನಿವೃತ್ತರಾದ ಅಕ್ಕೋರು. ಅಲ್ಲ ಎಂದವರು ಹದಿನೆಂಟು ಹಂಗಾಮು ಕಬ್ಬು ಎಳೆದು ಈಗ ಟೆಂಪೋ ಓಡಿಸುತ್ತಿರುವ ಚಾಲಕರು. ಬರೆದು ಕೊಡಿ ಎಂದರೆ ನಕ್ಕರು. ಹಾಗಾಗಿ ಅವರು ಆಡಿದ್ದನ್ನು ಅವರ ಮಾತಿನಲ್ಲೇ ಇಳಿಸಿಕೊಂಡಿದ್ದೇವೆ. ಹೆಸರು ಹಾಕಬೇಡಿ ಎಂದರು ಇಬ್ಬರೂ. ಹಾಕಿದರೆ ಚಾಲಕರಿಗೆ ಮಾಲೀಕರ ಕಾಟ, ಅಕ್ಕೋರಿಗೆ ಊರವರ ಕಾಟ.

ಪರ: ಸ್ಟೇರಿಂಗ್ ಹಿಡಿದವನದೇ ಹೊಣೆ

ನಮ್ಮ ಶಾಲೆಯ ಮುಂದೊಂದು ಹಂಪ್ ಇತ್ತು. ಸಂಜೆ ಗಂಟೆ ಹೊಡೆದ ಮೇಲೆ ಗೇಟಿನಲ್ಲಿ ನಿಲ್ಲುವುದು ನನ್ನ ಪಾಳಿ. ಕಬ್ಬಿನ ಟ್ರ್ಯಾಕ್ಟರ್ ಇನ್ನೂ ತಿರುವಿನಲ್ಲಿರುವಾಗಲೇ ಹುಡುಗರ ಕಿವಿ ನಿಮಿರುತ್ತಿತ್ತು. ಹಂಪಿಗೆ ಬಂದು ಗೇರ್ ಇಳಿಸುವಾಗ ಎಂಜಿನ್ನಿನ ದನಿ ಬದಲಾಗುತ್ತದಲ್ಲ, ಅದೇ ಅವರಿಗೆ ಸಿಗ್ನಲ್. ಒಂದೇ ಓಟ. ಒಬ್ಬ ಹಿಂದಿನ ಟ್ರೇಲರಿನ ಕಬ್ಬಿಣಕ್ಕೆ ಜೋತುಬೀಳುತ್ತಾನೆ, ಇನ್ನೊಬ್ಬ ಹೊರಚಾಚಿದ ಗಳವೊಂದನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗುತ್ತಾನೆ. ಗಾಡಿ ನಡೆದೇ ಇರುತ್ತದೆ. ಆ ಹೊತ್ತಿನಲ್ಲಿ ನಾನು ಕೂಗುವಂತೆಯೂ ಇರಲಿಲ್ಲ. ಕೂಗಿದರೆ ಹುಡುಗ ಬೆಚ್ಚಿ ಕೈಬಿಡುತ್ತಾನೆ, ಬೀಳುವುದು ಗಾಲಿಯ ಹತ್ತಿರವೇ. ಮರುದಿನ ಪ್ರಾರ್ಥನೆ ಮುಗಿದ ಮೇಲೆ ಎಷ್ಟು ಕಿವಿ ಹಿಂಡಿದ್ದೇನೋ ಲೆಕ್ಕವಿಲ್ಲ. ಎಂಟು ದಿನ ಸುಮ್ಮನಿರುತ್ತಿದ್ದರು, ಒಂಬತ್ತನೇ ದಿನ ಮತ್ತೆ ಅದೇ.

ಕಬ್ಬು ಜಗ್ಗುವುದು ಕಳ್ಳತನವಲ್ಲವೇ ಎಂದು ಕೇಳುತ್ತಾರೆ. ಹೌದು, ಕಳ್ಳತನವೇ. ಒಂದು ಗಳ ಕಬ್ಬಿಗೆ ಯಾವ ಊರಿನಲ್ಲೂ ಮರಣದಂಡನೆ ಇಲ್ಲ.

ಅಪಘಾತವಾದಾಗಲೆಲ್ಲ ಕೇಳಿಬರುವ ಮಾತೊಂದಿದೆ: "ಹುಡುಗ ಒಮ್ಮಿಂದೊಮ್ಮೆಲೇ ಅಡ್ಡ ಬಂದ." ಶಾಲೆ ನಿನ್ನೆ ಕಟ್ಟಿದ್ದಲ್ಲ. ಗಂಟೆ ಹೊಡೆಯುವ ಹೊತ್ತು ಬದಲಾಗಿಲ್ಲ. ದಿನಕ್ಕೆರಡು ಖೇಪು ಅದೇ ದಾರಿಯಲ್ಲಿ ಹೋಗುವವನಿಗೆ ಆ ಗೇಟಿನಿಂದ ಮಕ್ಕಳು ಹೊರಬೀಳುತ್ತಾರೆ ಎಂಬುದು ಒಮ್ಮಿಂದೊಮ್ಮೆಲೇ ತಿಳಿಯುವ ಸಂಗತಿಯೇ?

ದೊಡ್ಡವರು ಮರೆಯುವುದೊಂದಿದೆ. ಮಗುವಿನ ಕಣ್ಣಿಗೆ ವೇಗ ನಮಗೆ ಕಂಡಂತೆ ಕಾಣುವುದಿಲ್ಲ. ಗಂಟೆಗೆ ಸುಮಾರು 32 ಕಿ.ಮೀ.ಗಿಂತ ಜೋರಾಗಿ ಬರುವ ಗಾಡಿ ತನ್ನತ್ತಲೇ ಬರುತ್ತಿದೆ ಎಂದು ಪ್ರಾಥಮಿಕ ಶಾಲೆಯ ಮಕ್ಕಳಿಗೆ ಸರಿಯಾಗಿ ಹೊಳೆಯುವುದೇ ಇಲ್ಲ ಎಂಬುದನ್ನು ಲಂಡನ್ನಿನ ರಾಯಲ್ ಹಾಲೋವೇ ಸಂಶೋಧಕರು ತೋರಿಸಿದ್ದಾರೆ. 60ರಲ್ಲಿ ಬರುವ ಕ್ರೂಸರ್ ಒಂದು ಸೆಕೆಂಡಿಗೆ ಹದಿನಾರು ಮೀಟರ್ ದಾಟಿರುತ್ತದೆ. ಮೂರನೆಯ ಇಯತ್ತೆಯ ಹುಡುಗಿ "ಇನ್ನೂ ದೂರ ಐತಿ" ಎಂದುಕೊಂಡು ಕಾಲಿಟ್ಟರೆ ಅದು ಅವಳ ಉಡಾಳತನವಲ್ಲ, ಅವಳ ವಯಸ್ಸು. ಗಾಡಿ ಓಡಿಸುವವನು ಹದಿನೆಂಟು ತುಂಬಿ, ಪರೀಕ್ಷೆ ಕೊಟ್ಟು, ಲೈಸೆನ್ಸ್ ಪಡೆದು ರಸ್ತೆಗೆ ಬಂದವನು. ನಡೆಯುವ ಮಗುವಿಗೆ ಯಾವ ಆರ್‌ಟಿಓ ಪರೀಕ್ಷೆ ಮಾಡಿತ್ತು?

ಕಾನೂನಿನ ಮನಸ್ಸೂ ಇದೇ ಕಡೆಗಿದೆ. ಏಳು ವರ್ಷದೊಳಗಿನ ಮಗು ಮಾಡಿದ್ದು ಯಾವುದೂ ಅಪರಾಧವಲ್ಲ ಎಂದು ಹಿಂದಿನ ದಂಡಸಂಹಿತೆಯೂ ಹೇಳುತ್ತಿತ್ತು, ಈಗಿನ ನ್ಯಾಯ ಸಂಹಿತೆಯೂ ಹೇಳುತ್ತದೆ. 2017ರ ಮೋಟಾರು ವಾಹನ ಚಾಲನಾ ನಿಯಮಾವಳಿ ಪಾದಚಾರಿಗಳು, ಮಕ್ಕಳು, ವೃದ್ಧರ ವಿಷಯದಲ್ಲಿ ಚಾಲಕ ವಿಶೇಷ ಎಚ್ಚರ ವಹಿಸಬೇಕು ಎನ್ನುತ್ತದೆ. ಫ್ರಾನ್ಸಿನವರು 1985ರಲ್ಲೇ ಕಾಯ್ದೆ ಮಾಡಿದರು: ಗಾಡಿ ಬಡಿದು ಗಾಯಗೊಂಡ ಹದಿನಾರು ವರ್ಷದೊಳಗಿನವರು ಬೇಕೆಂದೇ ಅಪಾಯ ತಂದುಕೊಂಡಿರದಿದ್ದರೆ ಅವರ ತಪ್ಪು ಎಣಿಸದೆ ಪೂರ್ತಿ ಪರಿಹಾರ. ನೆದರ್ಲೆಂಡ್ಸಿನಲ್ಲಿ ಹದಿನಾಲ್ಕರೊಳಗಿನ ಮಕ್ಕಳ ವಿಷಯದಲ್ಲೂ ಹೆಚ್ಚುಕಡಿಮೆ ಹೀಗೆಯೇ. ನಮ್ಮ ದೇಶದ ರಸ್ತೆಗಳಲ್ಲಿ 2022ರಲ್ಲಿ ಸತ್ತವರು 1,68,491 ಜನ. ಅವರಲ್ಲಿ 32,825 ಮಂದಿ ಸುಮ್ಮನೆ ನಡೆದು ಹೋಗುತ್ತಿದ್ದವರು.

ಇನ್ನೊಂದು ಹೇಳದಿದ್ದರೆ ಮನಸ್ಸು ತಡೆಯದು. 2023ರ ಜನವರಿ, ಬನದ ಹುಣ್ಣಿಮೆಯ ಹಿಂದುಮುಂದಿನ ದಿನ. ಹುಲಕುಂದದಿಂದ ಯಲ್ಲಮ್ಮನ ಗುಡ್ಡಕ್ಕೆ ಹೊರಟಿದ್ದ ಭಕ್ತರು ಪಿಕಪ್ ಗಾಡಿಯೊಂದರಲ್ಲಿದ್ದರು. ರಾಮದುರ್ಗ ತಾಲೂಕಿನ ಚುಂಚನೂರ ಹತ್ತಿರ ಗಾಡಿ ಆಲದ ಮರಕ್ಕೆ ಬಡಿಯಿತು. ಆರು ಜನ ಹೋದರು, ಮಕ್ಕಳೂ ಇದ್ದರು ಅವರಲ್ಲಿ. ಸರಕಿನ ಗಾಡಿಯಲ್ಲಿ ಮಂದಿ ಕೂರಬಾರದು ಎಂಬುದು ಯಾರಿಗೆ ಗೊತ್ತಿರಬೇಕು, ಹತ್ತಿ ಕುಳಿತ ಮಗುವಿಗೋ, ಹತ್ತಿಸಿಕೊಂಡವರಿಗೋ?

ವಿರೋಧ: ಎಲ್ಲಾ ನನ್ನ ತಲಿಗೆ ಕಟ್ಟಬ್ಯಾಡ್ರಿ

ಅಕ್ಕೋರು ಹೇಳೂದು ಸುಳ್ಳಲ್ರಿ. ನನಗೂ ಮಕ್ಕಳದಾರ. ಆದ್ರ "ಪೂರ್ತಿ" ಅನ್ನೂ ಮಾತು ಐತಲ್ಲ, ಅದು ನನಗ ಒಪ್ಪಿಗಿಲ್ಲ. ಪೂರ್ತಿ ಅಂದ ಕೂಡ್ಲೇ ಉಳಿದವರೆಲ್ಲ ಕೈ ತೊಳಕೊಂಡು ಹೋಗತಾರ.

ಮೊದಲು ಟ್ರ್ಯಾಕ್ಟರ್ ಮ್ಯಾಲೆ ಬಂದು ಕುಂದರ್ರಿ. ಹಿಂದ ಎರಡು ಟ್ರೇಲರ್, ಎರಡರಾಗೂ ಕಬ್ಬು ಎರಡೂ ಬಾಜೂಕ ಹೊರಗ ಚಾಚಿರತೈತಿ. ಕನ್ನಡಿ ಇದ್ದರೂ ಅದರಾಗ ಕಾಣೂದು ಕಬ್ಬಿನ ಸೋಗಿ ಅಷ್ಟ. ಹಿಂದಿನ ಟ್ರೇಲರಿಗೆ ಹುಡುಗ ಜೋತುಬಿದ್ದಾನ ಅನ್ನೂದು ನನಗ ಯಾವಾಗ ಗೊತ್ತಾಗತೈತಿ? ಎದುರಿಂದ ಬರಾವ್ರು ಕೈ ಮಾಡಿ ಒದರಿದಾಗ. ಇಳಿಜಾರಿನ್ಯಾಗ ಬ್ರೇಕ್ ಒತ್ತಿದ್ರ ನಾ ನಿಂತ್ರೂ ಹಿಂದಿನ ಭಾರ ನಿಲ್ಲೂದಿಲ್ಲ, ದಬ್ಬಕೋತ ಬರತೈತಿ. ಅಷ್ಟು ಭಾರ ಹೇರಿದಾಂವ ನಾನಲ್ಲ. ಮಾಲೀಕ ಖೇಪಿನ ಲೆಕ್ಕದಾಗ ರೊಕ್ಕಾ ಕೊಡತಾನ. ಕಟಾವು ಟೋಳಿಯ ಮುಕಾದಮ ತುಂಬು ಅಂತಾನ. ಕಾರ್ಖಾನಿ ಅಂಗಳದಾಗ ಪಾಳಿ ಹಚ್ಚಿ ಒಂದೊಂದು ಸಲ ಎರಡು ರಾತ್ರಿ ಗಾಡಿ ಕೆಳಗ ಮಲಗೀನಿ. ಮೂರನೇ ದಿನ ಕಣ್ಣಾಗ ನಿದ್ದಿ ಇಟಕೊಂಡು ಸಾಲಿ ಮುಂದ ಬರತೀನಿ. ಹೊಣಿ ಕೇಳೂ ಹೊತ್ತಿಗೆ ಗಾಡಿ ಮ್ಯಾಲೆ ಇರಾವ ನಾ ಒಬ್ನ.

ಕಾಯ್ದೆ ಮಾತು ಬಂತು. ಮೊದಲು 304ಎ ಕಲಮಿನ್ಯಾಗ ಎರಡು ವರ್ಷ ಇತ್ತು. ಹೊಸಾ ಸಂಹಿತಾದಾಗ 106ನೇ ಕಲಮು, ಐದು ವರ್ಷದ ತನಕ. ಬಡದು ಓಡಿ ಹೋದ್ರ ಹತ್ತು ವರ್ಷ ಅಂತ ಬರದಿದ್ರು. 2024ರ ಜನವರಿಯಾಗ ದೇಶದ ತುಂಬ ಲಾರಿ ನಿಂತ ಮ್ಯಾಲೆ ಆ ತುಂಡು ತಡಿ ಹಿಡದ್ರು. ಡ್ರೈವರ್ ಯಾಕ ಓಡತಾನ ಕೇಳ್ರಿ. ಮೋಟಾರು ಕಾಯ್ದೆ 134ನೇ ಕಲಮು ಏನಂತೈತಿ? ಗಾಯ ಆದವನಿಗೆ ಔಷಧೋಪಚಾರ ಕೊಡಸಬೇಕು, ಮಂದಿ ಸಿಟ್ಟಿಗೆ ಸಿಕ್ಕು ಆಗದಿದ್ದರ ಮಾತು ಬ್ಯಾರೆ ಅಂತೈತಿ. ಮಂದಿ ಬಡಿತಾರ ಅನ್ನೂದು ಕಾಯ್ದೆಗೂ ಗೊತ್ತೈತ್ರಿ! ಊರು ಮಂದಿಗೆ ಗೊತ್ತಿಲ್ಲ.

ರೊಕ್ಕದ ಹೊಣಿ ಬ್ಯಾರೆ, ತಪ್ಪಿನ ಹೊಣಿ ಬ್ಯಾರೆ. 164ನೇ ಕಲಮಿನ್ಯಾಗ ಯಾರ ತಪ್ಪು ಅಂತ ಕೇಳದ ಸತ್ತವರ ಮನಿಗೆ ಐದು ಲಕ್ಷ, ದೊಡ್ಡ ಗಾಯಕ್ಕ ಎರಡೂವರಿ ಲಕ್ಷ, ಮಾಲೀಕ ಇಲ್ಲಾ ವಿಮಾ ಕಂಪನಿ ಕೊಡಬೇಕು. ಕೊಡಲಿ, ಭಾಳ ಚೊಲೋ. ಅಕ್ಕೋರು ಫ್ರಾನ್ಸ್ ಅಂತ ಹೇಳಿದ್ದೂ ರೊಕ್ಕದ ಮಾತೇ. ಅದನ್ನ ಹಿಡಕೊಂಡು ನನ್ನ ಜೇಲಿಗೆ ಹಾಕಬ್ಯಾಡ್ರಿ.

ರಸ್ತೆ ಮಾಡಿದಾವ್ರನ್ನ ಯಾರರ ಕೇಳೀರೇನು? ಹಂಪ್ ಅಂದ್ರ ಹತ್ತು ಸೆಂಟಿಮೀಟರ್ ಎತ್ತರ, ಮೂರು ಮೀಟರ್ 70 ಸೆಂಟಿಮೀಟರ್ ಅಗಲ ಇರಬೇಕು ಅಂತ ರಸ್ತೆ ಕಾಂಗ್ರೆಸಿನ ಪುಸ್ತಕದಾಗ ಐತಿ. ನಮ್ಮಲ್ಲಿ? ಬೋರಲ ಹಾಕಿದ ಗಡಿಗಿ ಇದ್ದಂಗ. ಬಿಳಿ ಬಣ್ಣಾ ಒಂದು ಮಳಿಗಾಲ ತಡಿಯೂದಿಲ್ಲ. ಸಾಲಿ ಮುಂದ ಫುಟ್‌ಪಾತ್ ಎಲ್ಲೈತಿ ತೋರಸ್ರಿ. ಇದ್ದಲ್ಲಿ ಪಾನ್ ಅಂಗಡಿ ಐತಿ. ಫುಟ್‌ಪಾತ್ ಮ್ಯಾಲೆ ನಡಿಯೂದು ಬದುಕೂ ಹಕ್ಕಿನ್ಯಾಗ ಬರತೈತಿ ಅಂತ 2025ರಾಗ ಸುಪ್ರೀಂ ಕೋರ್ಟು ಹೇಳೇತಿ. ರಸ್ತೆ ಸರಿ ಮಾಡದ ಇಂಜಿನಿಯರ್, ಗುತ್ತಿಗೆದಾರಗ ಒಂದು ಲಕ್ಷದ ತನಕ ದಂಡ ಅಂತ 2019ರಾಗ 198ಎ ಕಲಮು ಬಂತು. ಆ ದಂಡಾ ಕಟ್ಟಿದಾವನ್ನ ನಾ ಇನ್ನೂ ಕಂಡಿಲ್ಲ. ಹೆಲ್ಮೆಟ್ ದಂಡಾ ಕಟ್ಟಿದಾವ್ರು ನಮ್ಮ ಓಣಿ ತುಂಬ ಅದಾರ.

ಹಡದಾವ್ರ ಮಾತೂ ಆಗಲಿ. ಒಂಬತ್ತನೇ ಇಯತ್ತೆ ಹುಡುಗನ ಕೈಯಾಗ ಬೈಕ್ ಕೊಟ್ಟು, ಹಿಂದ ಇಬ್ಬರು ತಮ್ಮಂದಿರ್ನ ಕೂಡಿಸಿ ಸಾಲಿಗೆ ಕಳಸತಾರ. ಸಣ್ಣವನ ಕೈಯಾಗ ಗಾಡಿ ಕೊಟ್ರ ಕೊಟ್ಟಾವಗ ಮೂರು ವರ್ಷದ ತನಕ ಜೇಲು, 25,000 ದಂಡ ಅಂತ 199ಎ ಕಲಮಿನ್ಯಾಗ ಬರದೈತಿ. ಅದೇ ಹುಡುಗ ನನ್ನ ಟೆಂಪೋಕ್ಕ ಬಂದು ಬಡದ್ರ ಮಂದಿ ಯಾರ ಕೊರಳಪಟ್ಟಿ ಹಿಡಿತಾರ? ದೊಡ್ಡ ಗಾಡಿದು.

ಕಡೀಕ ಅಕ್ಕೋರಿಗೇ ಒಂದು ಕೇಳತೀನಿ, ಸಿಟ್ಟಾಗಬ್ಯಾಡ್ರಿ. ನೀವು ಸಾಲಿಯಾಗ ಏನ್ ಕಲಸಿದ್ರಿ? "ಎಡಕ್ಕ ನಡೀರಿ." ಅದು ಗಾಡಿ ಓಡಸಾವ್ರಿಗೆ ಹೇಳೂ ಮಾತ್ರಿ. ಫುಟ್‌ಪಾತ್ ಇಲ್ಲದ ರಸ್ತೆದಾಗ ನಡಿಯಾವ್ರು ಬಲಕ್ಕ ನಡೀಬೇಕು, ಎದುರು ಬರೂ ಗಾಡಿ ಕಣ್ಣಿಗೆ ಕಾಣಬೇಕು. ನಿಮ್ಮ ಹುಡುಗ್ರು ಎಡಕ್ಕ ನಾಲ್ಕ ಮಂದಿ ಸಾಲಾಗಿ, ನನಗ ಬೆನ್ನ ಕೊಟ್ಟು ನಡಿತಾವು. ಗುಡ್ಡಕ್ಕ ಹೋಗೂ ಮಂದಿನೂ ಹಂಗ, ನಸುಕಿನ್ಯಾಗ, ಕರಿ ಕಂಬಳಿ ಹೊದ್ದು. ನಾ ಹಾರ್ನ್ ಹೊಡದ್ರ ಅರ್ಧ ಮಂದಿ ಅತ್ತಾಗ, ಅರ್ಧ ಮಂದಿ ಇತ್ತಾಗ. ಬಸ್ ಇಳದ ಹುಡುಗ ಬಸ್ಸಿನ ಮೋತಿ ಮುಂದಿಂದನ ದಾಟತಾನ. ಬಸ್ ಹೋಗೂತನಕ ತಡದು ದಾಟು ಅಂತ ಅವಗ ಯಾರ್ ಹೇಳ್ಯಾರ?

ಅಕ್ಕೋರ ಮರುಮಾತು

ಆ ಎಡ-ಬಲದ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಮೂವತ್ತು ವರ್ಷ "ಎಡಕ್ಕೆ" ಎಂದೇ ಹೇಳಿಕೊಟ್ಟೆ. ನನಗೆ ಕಲಿಸಿದವರೂ ಹಾಗೇ ಹೇಳಿದ್ದರು. ಈಗ ಮೊಮ್ಮಗನನ್ನು ಬಲಗಡೆ ನಡೆಸುತ್ತೇನೆ.

ಮಿಕ್ಕಿದ್ದರಲ್ಲಿ ನನ್ನ ಮಾತು ಹಿಂತೆಗೆಯುವುದಿಲ್ಲ. ಮಾಲೀಕ, ಮುಕಾದಮ, ಇಂಜಿನಿಯರು ಎಲ್ಲರೂ ತಪ್ಪಿತಸ್ಥರೇ ಇರಬಹುದು, ಅವರನ್ನೂ ಹಿಡಿಯಲಿ. ಆದರೆ ಗೇಟಿನಿಂದ ಹುಡುಗ ಓಡಿ ಬರುವ ಆ ಗಳಿಗೆಯಲ್ಲಿ ಅವರಾರೂ ಅಲ್ಲಿರುವುದಿಲ್ಲ, ತಮ್ಮಾ. ಬ್ರೇಕಿನ ಮೇಲೆ ಕಾಲಿರುವುದು ನಿನ್ನದು.

ಚಾಲಕರ ಕಡೆಯ ಮಾತು

ಇರಲಿ ಅಕ್ಕೋರ, ಕಾಲು ನಂದೇ. ಹಿಂದ ಕಣ್ಣ ಮಾತ್ರ ನನಗಿಲ್ಲ. ಮೊದಲು ಟ್ರ್ಯಾಕ್ಟರಿಗೆ ಒಬ್ಬ ಕ್ಲೀನರ್ ಇರತಿದ್ದ. ಸಾಲಿ ಹತ್ರ ಬಂದ್ರ ಇಳದು ಹಿಂದ ನಡಕೋತ ಬರತಿದ್ದ, ಹುಡುಗ್ರನ್ನ ಬೆದರಸತಿದ್ದ, ಒಮ್ಮೊಮ್ಮೆ ತಾನ ಒಂದು ಗಳ ಜಗ್ಗಿ ಕೊಟ್ಟು ಕಳಸತಿದ್ದ. ಪಗಾರ ಉಳಸಾಕ ಮಾಲೀಕರು ಅವನ್ನ ಬಿಡಿಸಿದ್ರು. ಈ ದೀಪಾವಳಿಗೆ ಕಾರ್ಖಾನಿಯವರು ಗಾಡಿ ಕರಾರು ಬರಿಯೂ ಮುಂದ ಒಂದ ಸಾಲು ಬರಿಸ್ರಿ: ಎರಡು ಟ್ರೇಲರ್ ಇದ್ದ ಗಾಡಿಗೆ ಕ್ಲೀನರ್ ಇರಬೇಕು, ಹಿಂದಿನ ಟ್ರೇಲರಿಗೆ ಕೆಂಪ ದೀಪ ಇರಬೇಕು, ಇಲ್ಲದಿದ್ರ ಗೇಟಿನೊಳಗ ಬಿಡಬಾರದು.